ಚೆಂಡಿಗಿಲ್ಲದ ಮೈಲಿಗೆ ಕೈಗೆ ಯಾಕೆ?

ಆಟದಲ್ಲಿ ಜಾತಿ ಇಲ್ಲ ಅಂತಾರೆ. ಬಳ್ಳಾರಿ ಪಾರ್ವತಿನಗರದ ಚಹಾ ಅಂಗಡಿಯಿಂದ ಹಿಡಿದು ಬೆಂಗಳೂರಿನ ಕ್ಲಬ್ಬುಗಳವರೆಗೆ ಇದೇ ಮಾತು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಬೇಡ ಎನ್ನುವವರು ಕಡೆಗೆ ಕೈ ತೋರಿಸುವುದು ಕ್ರಿಕೆಟ್ ಮೈದಾನದ ಕಡೆಗೆ. "ಅಲ್ಲಿ ನೋಡ್ರಿ, ಯೋಗ್ಯತೆ ಇದ್ದವನಿಗೆ ಜಾಗ. ಜಾತಿ ಕೇಳ್ತಾರೇನು? ರನ್ನು ಕೇಳ್ತಾರೆ, ವಿಕೆಟ್ ಕೇಳ್ತಾರೆ."

ಸರಿ. ಅವರು ತೋರಿಸಿದ ಮೈದಾನಕ್ಕೇ ನಾವು ಹೋಗೋಣ. ಅವರು ಕೇಳುವ ವಿಕೆಟ್ಟುಗಳನ್ನೇ ಲೆಕ್ಕ ಹಾಕೋಣ. ಲೆಕ್ಕ ನಮ್ಮ ನೆಲದಿಂದಲೇ ಶುರುವಾಗುತ್ತದೆ.

ಬಳ್ಳಾರಿಯಲ್ಲಿ ರೈಲು ಹತ್ತಿ ಹೊಸಪೇಟೆ, ಗದಗ, ಹುಬ್ಬಳ್ಳಿ ದಾಟಿದರೆ ಧಾರವಾಡ. ಧಾರವಾಡ ಎಂದರೆ ಪೇಢೆ, ಸಂಗೀತ, ಸಾಹಿತ್ಯ, ವಿದ್ಯೆ ಎಂದು ನಮಗೆ ಕಲಿಸಿದ್ದಾರೆ. ಆ ಊರಲ್ಲಿ 1875-76ರ ಸುಮಾರಿಗೆ ಒಂದು ಚಮ್ಮಾರರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು ಎಂದು ಮಾತ್ರ ನಾವು ಓದಿದ ಶಾಲೆಯ ಪುಸ್ತಕ ಹೇಳಲಿಲ್ಲ. ಆ ಮಗುವಿನ ಹೆಸರು ಬಾಳೂ. ಮನೆತನದ ಹೆಸರು ಪಾಲ್ವಂಕರ್. ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ ಬಂದ ಹೆಸರು ಅದು. ನಮ್ಮ ಕಡೆ ಸಮಗಾರ, ಮಚ್ಚಿಗಾರ, ಮೋಚಿ ಎಂದು ಯಾರನ್ನು ಕರೆದು ಊರಾಚೆ ಇಟ್ಟಿದ್ದಾರೋ ಅವರ ಬಂಧು ಆತ. ನಮ್ಮವ ಎನ್ನುವ ಸಲಿಗೆಯಿಂದ ಇಲ್ಲಿ ಏಕವಚನದಲ್ಲೇ ಮಾತಾಡುತ್ತೇವೆ.

ಅಪ್ಪನಿಗೆ ಸೈನ್ಯದಲ್ಲಿ ಕೆಲಸ. ಸೈನ್ಯ ಹೋದ ಕಡೆ ಸಂಸಾರ. ಹೀಗೆ ಬಾಳೂ ಬೆಳೆದದ್ದು ಪುಣೆಯಲ್ಲಿ. ಬಿಳಿಯ ಅಧಿಕಾರಿಗಳು ಆಡಿ ಎಸೆದ ಬ್ಯಾಟು, ಸವೆದ ಚೆಂಡು ಆಯ್ದುಕೊಂಡು ಬಾಳೂ ಮತ್ತು ತಮ್ಮ ಶಿವರಾಂ ಆಟ ಕಲಿತರು. ಗುರುವಿಲ್ಲ, ಗುರುದಕ್ಷಿಣೆ ಇಲ್ಲ. ಹೆಬ್ಬೆರಳು ಹೇಗೋ ಉಳಿದುಕೊಂಡಿತು.

ಓದು ಅಷ್ಟಕ್ಕಷ್ಟೇ. ಹೊಟ್ಟೆಗೆ ಬೇಕಲ್ಲ? ಪುಣೆಯ ಪಾರ್ಸಿ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ, ರೋಲರ್ ಎಳೆಯುವ ಕೆಲಸ ಸಿಕ್ಕಿತು. ತಿಂಗಳಿಗೆ 3 ರೂಪಾಯಿ. 1892ರಲ್ಲಿ ಬಿಳಿಯರ ಪೂನಾ ಕ್ಲಬ್ಬಿಗೆ ಹೋದ. ತಿಂಗಳಿಗೆ 4 ರೂಪಾಯಿ. ಗುಡಿಸು, ಉರುಳಿಸು, ಸುಣ್ಣದ ಗೆರೆ ಹಾಕು, ಬಲೆ ಕಟ್ಟು, ಸಾಹೇಬರು ಬಂದಾಗ ಚೆಂಡು ಎಸೆ.

ಗೆಳೆಯರೇ, ಭಾರತದ ಮೊದಲ ದೊಡ್ಡ ಬೌಲರ್ ಮೈದಾನಕ್ಕೆ ಕಾಲಿಟ್ಟದ್ದು ಪೊರಕೆ ಹಿಡಿದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಓದಬೇಕು.

ಪೂನಾ ಕ್ಲಬ್ಬಿನಲ್ಲಿ ಗ್ರೇಗ್ ಎಂಬ ಬಿಳಿಯ ಕ್ಯಾಪ್ಟನ್ ಇದ್ದ. ಆಗ ಈ ದೇಶದಲ್ಲಿದ್ದ ಇಂಗ್ಲಿಷ್ ಬ್ಯಾಟುಗಾರರಲ್ಲಿ ಆತನೇ ದೊಡ್ಡವ. ಬಾಳೂ ತನ್ನನ್ನು ಔಟ್ ಮಾಡಿದಾಗಲೆಲ್ಲ ಆತ 8 ಆಣೆ ಕೊಡುತ್ತಿದ್ದ ಎಂದು ಕತೆ ಹೇಳುತ್ತಾರೆ. ಕತೆ ನಿಜವೋ ಸುಳ್ಳೋ, ಬಾಳೂ ನೂರಾರು ತಾಸು ಆ ಬಲೆಯಲ್ಲಿ ಎಡಗೈ ತಿರುಗಿಸಿದ್ದಂತೂ ನಿಜ. ಆದರೆ ಕ್ಲಬ್ಬಿನವರು ಆತನ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟು ದೊರೆಗಳಿಗೆ, ಬೌಲಿಂಗ್ ಕೂಲಿಗೆ. ಅದು ಬಿಳಿಯರ ವರ್ಣಾಶ್ರಮ. ಇಂಗ್ಲೆಂಡಿನಲ್ಲೂ ಕಾಸಿಲ್ಲದೆ ಆಡುವವರು 'ಜಂಟಲ್‌ಮನ್', ಕೂಲಿ ತಗೊಂಡು ಆಡುವವರು ಬರೀ 'ಪ್ಲೇಯರ್' ಎಂಬ ಎರಡು ಪಂಕ್ತಿ ಇದ್ದವು. ಎಷ್ಟೋ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಬಾಗಿಲು. ಅದನ್ನು ಅವರು ತೆಗೆದುಹಾಕಿದ್ದು 1962ರಲ್ಲಿ.

ಇನ್ನು ನಮ್ಮವರ ವರ್ಣಾಶ್ರಮಕ್ಕೆ ಬರೋಣ.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸುವ ಕೈ ಯಾವುದು ಅಂತ ಊರಿಗೆಲ್ಲ ಗೊತ್ತು. ಆದರೆ ಆ ಕೈ ಚಮ್ಮಾರನದು. ತಗೊಳ್ಳಬೇಕೋ ಬೇಡವೋ? ತೆಲುಗು ಸದಸ್ಯರು ತಗೊಳ್ಳೋಣ ಎಂದರೆ, ಮರಾಠಿ ಬ್ರಾಹ್ಮಣರು ಒಲ್ಲೆವು ಎಂದರು. ಕಡೆಗೆ ಗೆಲುವಿನ ಆಸೆ ಮಡಿಯನ್ನು ಗೆದ್ದಿತು. ಬಾಳೂ ತಂಡಕ್ಕೆ ಬಂದ.

ಬಂದವನಿಗೆ ಏನು ಮರ್ಯಾದೆ ಸಿಕ್ಕಿತು ನೋಡ್ರಿ. ಚಹಾದ ಹೊತ್ತಿಗೆ ಉಳಿದವರಿಗೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು. ಬಾಳೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ಇನ್ನೊಬ್ಬ ಅಸ್ಪೃಶ್ಯ ಆಳು ನೀರು ತಂದು ಮೈದಾನದ ಮೂಲೆಯಲ್ಲಿ ಸುರಿಯಬೇಕು.

ಇದೇ ಆಟ ಮತ್ತೆ ಶುರುವಾದಾಗ? ಅದೇ ಬಾಳೂ ಮುಟ್ಟಿದ ಚೆಂಡನ್ನು ಬ್ರಾಹ್ಮಣ ಫೀಲ್ಡರು ಓಡಿ ಹೋಗಿ ಹಿಡಿಯುತ್ತಾನೆ. ಹೊಳಪು ಬರಲಿ ಎಂದು ಎಂಜಲು ಹಚ್ಚಿ ತನ್ನ ಬಿಳಿ ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಆ ಚೆಂಡು ಯಾವುದರದು? ದನದ ಚರ್ಮದ್ದು. ಹದ ಮಾಡಿ, ಕತ್ತರಿಸಿ, ಹೊಲಿಯುವ ಕಸುಬು ಯಾರದು? ಬಾಳೂವಿನ ಕುಲದವರದು, ನಮ್ಮ ಕುಲದವರದು. ಸತ್ತ ದನದ ಚರ್ಮ ಕೈಯಲ್ಲಿ, ಚಮ್ಮಾರನ ಬೆವರು ಚರ್ಮದ ಮೇಲೆ, ಎಲ್ಲರ ಎಂಜಲು ಎರಡರ ಮೇಲೂ. ಮೈಲಿಗೆ ಎಲ್ಲಿ ಹೋಯ್ತು ಸ್ವಾಮಿ? ಅರ್ಧ ತಾಸಿನ ಚಹಾಕ್ಕೆ ಬರುವ ಮೈಲಿಗೆ, ದಿನವಿಡೀ ಆಡುವಾಗ ಯಾಕೆ ಬರಲಿಲ್ಲ?

ಇಲ್ಲೇ ಗುಟ್ಟು ಇರುವುದು. ಅಸ್ಪೃಶ್ಯತೆಗೂ ಕೊಳೆಗೂ ಸಂಬಂಧವಿಲ್ಲ. ಕೊಳೆಯಾಗಿದ್ದರೆ ಚೆಂಡಿಗೂ ಹತ್ತುತ್ತಿತ್ತು. ಅದು ಅಧಿಕಾರ. ದುಡಿಸಿಕೊಳ್ಳುವಾಗ ಮುಟ್ಟಬಹುದು, ಸಮಾನವಾಗಿ ಕೂರುವಾಗ ಮುಟ್ಟಬಾರದು ಎಂಬ ಕಾಯಿದೆ. ನಮ್ಮ ಹೆಂಗಸರು ನಾಟಿ ಮಾಡಿದ ಅಕ್ಕಿ ಗೌಡರ ಹೊಟ್ಟೆಗೆ ಹೋಗಬಹುದು. ನಾಟಿ ಮಾಡಿದ ಕೈ ಗೌಡರ ಅಡುಗೆಮನೆಯ ಹೊಸ್ತಿಲು ದಾಟಬಾರದು. ಸಿರುಗುಪ್ಪದ ಗದ್ದೆಯಲ್ಲಿ ನಿಂತು ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಪುಸ್ತಕವೂ ಬೇಕಿಲ್ಲ.

1896ರಲ್ಲಿ ಪುಣೆಗೆ ಪ್ಲೇಗು ಬಂದಾಗ ಬಾಳೂ ಮುಂಬಯಿಗೆ ಹೋದ. ಅಲ್ಲಿನ ಹಿಂದೂ ಜಿಮ್ಖಾನಾದಲ್ಲೂ ಮೊದಲು ವಿರೋಧ, ಆಮೇಲೆ ಪ್ರವೇಶ. ರೈಲ್ವೆಯಲ್ಲಿ ನೌಕರಿ. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಬಿಳಿಯರ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಹಿಂದೂಗಳು 242 ಮತ್ತು 160. ಬಿಳಿಯರು 191 ಮತ್ತು 102. ಗೆದ್ದ ತಂಡದಲ್ಲಿ ಬಾಳೂ, ಶಿವರಾಂ ಇಬ್ಬರೂ ಇದ್ದರು. ಗೆಲುವಿನ ಮೇಲೆ ಗೆಲುವು ಬಂದ ಮೇಲೆ ಮುಂಬಯಿಯ ಹಿಂದೂಗಳು ಅವರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡು ಊಟ ಮಾಡಿದರು. 'ಇಂಡಿಯನ್ ಸೋಷಿಯಲ್ ರಿಫಾರ್ಮರ್' ಪತ್ರಿಕೆ ಇದನ್ನು ದೊಡ್ಡ ಸುಧಾರಣೆ ಎಂದು ಕೊಂಡಾಡಿತು.

ಸುಧಾರಣೆಯೇ ಸರಿ. ಬೇಡ ಅನ್ನೋದಿಲ್ಲ. ಆದರೆ ಅದರ ಬೆಲೆ ಕೇಳ್ರಿ. ಉಳಿದವರಿಗೆ ಹುಟ್ಟಿನಿಂದ ಸಿಗುವ ಒಂದು ತಟ್ಟೆ ಅನ್ನಕ್ಕೆ ಚಮ್ಮಾರನ ಮಗ ಬಿಳಿಯರ ಸಾಮ್ರಾಜ್ಯವನ್ನು ಮೈದಾನದಲ್ಲಿ ಸೋಲಿಸಿ ತೋರಿಸಬೇಕಾಯಿತು. ಹಾಗಾದರೆ ವಿಕೆಟ್ ತೆಗೆಯಲು ಬಾರದ ಚಮ್ಮಾರನ ಗತಿ ಏನು? ಎಂಜಲು ತಟ್ಟೆ ತೊಳೆಯುವ ಅವನ ಅಕ್ಕನ ಗತಿ ಏನು? ಅಸಾಮಾನ್ಯನಾದರೆ ಮಾತ್ರ ಮನುಷ್ಯ ಎನ್ನುವ ಸಮಾಜ ಸುಧಾರಿಸಿದ ಸಮಾಜ ಆಗುವುದಿಲ್ಲ.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಕ್ಯಾಪ್ಟನ್ ಯಾರು? ಪಟಿಯಾಲದ ಮಹಾರಾಜ. ಆಟಕ್ಕಿಂತ ಔತಣಗಳಲ್ಲೇ ಆತನಿಗೆ ಹೆಚ್ಚು ಆಸಕ್ತಿ. ತಂಡ 23 ಪಂದ್ಯ ಆಡಿ 6 ಗೆದ್ದಿತು, 15 ಸೋತಿತು. ಆ ಸೋಲಿನ ನಡುವೆ ಒಬ್ಬ ಮನುಷ್ಯ, ವಯಸ್ಸು 35 ದಾಟಿದವ, ಭುಜದ ನೋವು ನುಂಗಿಕೊಂಡು 114 ವಿಕೆಟ್ ತೆಗೆದ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಸರದಿಯಲ್ಲಿ 103 ರನ್ನಿಗೆ 8 ವಿಕೆಟ್. ಲೆಸ್ಟರ್‌ಶೈರ್ ಕೌಂಟಿಯನ್ನು ಭಾರತ ಸೋಲಿಸಿದಾಗ ಎರಡೂ ಸರದಿ ಸೇರಿ 11 ವಿಕೆಟ್. ಸಾಮರ್‌ಸೆಟ್ ಮೇಲೆ ಗೆದ್ದಾಗ ತಮ್ಮ ಶಿವರಾಂನ ಬ್ಯಾಟಿನಿಂದ ನೂರು. ಕೇಂಬ್ರಿಜ್ಜಿನ ಬಾಗಿಲಲ್ಲಿ ಚಮ್ಮಾರನಿಗೆ ಓದುವ ಬೆಂಚು ಇರಲಿಲ್ಲ, ಮೈದಾನದಲ್ಲಿ ಉತ್ತರ ಕೊಟ್ಟು ಬಂದ.

ಒಟ್ಟು ಪ್ರಥಮ ದರ್ಜೆ ಲೆಕ್ಕ: 33 ಪಂದ್ಯ, 179 ವಿಕೆಟ್, ಸರಾಸರಿ 15.21. ಯೋಗ್ಯತೆ ಯೋಗ್ಯತೆ ಎಂದು ಬಾಯಿ ಬಡಿದುಕೊಳ್ಳುವವರೇ, ಇದಕ್ಕಿಂತ ಯಾವ ಯೋಗ್ಯತೆ ಬೇಕಿತ್ತು? ಸ್ಪಿನ್ ಬೌಲಿಂಗ್ ಎಂದರೆ ಕರ್ನಾಟಕ ಎಂದು ನಾವು ಹೆಮ್ಮೆ ಪಡುತ್ತೇವೆ. ಚಂದ್ರಶೇಖರ್ 242, ಪ್ರಸನ್ನ 189, ಕುಂಬ್ಳೆ 619 ಟೆಸ್ಟ್ ವಿಕೆಟ್. ಹೆಮ್ಮೆ ಪಡಬೇಕಾದದ್ದೇ. ಆದರೆ ಆ ವಂಶಾವಳಿಯ ಮೊದಲ ಹೆಸರು ಧಾರವಾಡದ ಚಮ್ಮಾರರ ಮನೆಯಲ್ಲಿ ಹುಟ್ಟಿದ ಬಾಳೂನದು ಎಂದು ಬರೆಯಲು ಯಾಕೆ ಲೇಖನಿ ಏಳುವುದಿಲ್ಲ?

ಈಗ ಕ್ಯಾಪ್ಟನ್‌ಗಿರಿಯ ವಿಚಾರ. ಆಟದಲ್ಲಿ ಜಾತಿ ಇಲ್ಲ ಎನ್ನುವವರು ಇಲ್ಲಿಗೆ ಬಂದಾಗ ಕೆಮ್ಮುತ್ತಾರೆ.

ಇಂಗ್ಲೆಂಡಿನಿಂದ ಬಂದ ಮೇಲೆ ಹಿಂದೂ ತಂಡದಲ್ಲಿ ಬಾಳೂಗಿಂತ ಹಿರಿಯ, ಅನುಭವಸ್ಥ ಯಾರೂ ಇರಲಿಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಬ್ರಾಹ್ಮಣ ಆಟಗಾರ ಎಂ. ಡಿ. ಪೈ ಅವರೇ ಕ್ಯಾಪ್ಟನ್. ಈ ಮರ್ಯಾದೆ ಬಾಳೂಗೆ ಸಲ್ಲಬೇಕಿತ್ತು ಎಂದು ಪೈ ಅವರೇ ಬಹಿರಂಗವಾಗಿ ಹೇಳಿದರು. ಒಬ್ಬ ಬ್ರಾಹ್ಮಣನ ಬಾಯಿಂದಲೇ ಸತ್ಯ ಬಂತು. ಆಯ್ಕೆ ಸಮಿತಿಯ ಕಿವಿಗೆ ಹೋಗಲಿಲ್ಲ. 1920ರಲ್ಲಿ ಬಾಳೂವನ್ನು ತಂಡದಿಂದಲೇ ಬಿಟ್ಟರು. ಪೈ ಅವರಿಗೆ ಅನಾರೋಗ್ಯ ಬಂದಾಗ ಪುಣೆಯ ಡಿ. ಬಿ. ದೇವಧರ್ ಅವರನ್ನು ಕ್ಯಾಪ್ಟನ್ ಮಾಡಿದರು. ಬಾಳೂವಿನ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ಇದನ್ನು ನುಂಗಿಕೊಳ್ಳಲಿಲ್ಲ. ಜಾತಿಯ ಕಾರಣಕ್ಕೆ ನಮ್ಮನ್ನು ಹಿಂದಕ್ಕೆ ತಳ್ಳಿದ್ದೀರಿ ಎಂದು ಬಹಿರಂಗವಾಗಿ ಹೇಳಿ ತಂಡದಿಂದ ಹೊರಗೆ ಬಂದರು.

ಇದನ್ನು ನಾವು ಬಂಡಾಯ ಎನ್ನುತ್ತೇವೆ. ಕವಿತೆ ಬರೆಯಲಿಲ್ಲ, ಭಾಷಣ ಮಾಡಲಿಲ್ಲ. ಆಡೋದಿಲ್ಲ, ಹೋಗ್ರಿ ಅಂದರು. ದುಡಿಯುವ ಕೈ ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಎಂದು ಸಮಿತಿಗೆ ಕೂಡಲೇ ತಿಳಿಯಿತು. ಫೈನಲ್ ಹೊತ್ತಿಗೆ ಪೈ ಮರಳಿದರು, ಅಣ್ಣತಮ್ಮಂದಿರನ್ನು ಕರೆಸಿಕೊಂಡರು, ಬಾಳೂವನ್ನು ಉಪನಾಯಕ ಮಾಡಿದರು. ಪೈ ಮೈದಾನ ಬಿಟ್ಟು ಹೊರಗಿದ್ದಷ್ಟು ಹೊತ್ತು ಬಾಳೂ ತಂಡವನ್ನು ನಡೆಸಿದ. ಅಷ್ಟೇ. 1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದ. ಆ ವರ್ಷ ಹಿಂದೂ ತಂಡ ಬಿಳಿಯರನ್ನು ಸೋಲಿಸಿ ಗೆದ್ದಿತು. ಅಣ್ಣನಿಗೆ ಸಿಗದ್ದನ್ನು ತಮ್ಮ ಗಿಟ್ಟಿಸಿಕೊಂಡ. ಯಾರೂ ದಾನ ಕೊಡಲಿಲ್ಲ.

ನಂತರದ ಇತಿಹಾಸ ನೋಡ್ರಿ. 1934ರಲ್ಲಿ ರಾಷ್ಟ್ರೀಯ ಟ್ರೋಫಿ ಶುರುವಾಯಿತು, ರಾಜಕುಮಾರ ರಣಜಿಯ ಹೆಸರಲ್ಲಿ. ಭಾರತದ ಪರ ಒಂದು ಟೆಸ್ಟ್ ಪಂದ್ಯವನ್ನೂ ಆಡದೆ ಇಂಗ್ಲೆಂಡಿನ ಪರ ಆಡಿದವರು ಅವರು. 1973-74ರಲ್ಲಿ ಇನ್ನೊಂದು ಟ್ರೋಫಿ ಶುರುವಾಯಿತು, ಪ್ರೊಫೆಸರ್ ದೇವಧರರ ಹೆಸರಲ್ಲಿ. ದೇವಧರ್ ದೊಡ್ಡ ಆಟಗಾರ, ತಕರಾರಿಲ್ಲ. ಅವರ ಮೇಲೆ ನಮಗೆ ಸಿಟ್ಟೂ ಇಲ್ಲ. ಆದರೆ ರಾಜನಿಗೊಂದು, ಪ್ರೊಫೆಸರನಿಗೊಂದು ಎಂದು ಹೆಸರು ಹಂಚುವವರಿಗೆ ಪಿಚ್ ಗುಡಿಸಿದವನ ಹೆಸರು ಯಾಕೆ ನೆನಪಾಗಲಿಲ್ಲ?

ನೆನಪಾದಾಗ ಹೇಗೆ ನೆನಪಾಯಿತು ಎನ್ನುವುದು ಇನ್ನೂ ದೊಡ್ಡ ಅನ್ಯಾಯ. 2001ರಲ್ಲಿ 'ಲಗಾನ್' ಸಿನೆಮಾ ಬಂತು. ನಮ್ಮ ಹುಡುಗರೂ ಶಿಳ್ಳೆ ಹೊಡೆದು ನೋಡಿದರು. ಕತೆ ನಡೆಯುವುದು 1893ರಲ್ಲಿ. ಅದರಲ್ಲೊಬ್ಬ ಅಸ್ಪೃಶ್ಯ ಬೌಲರ್ ಇದ್ದಾನೆ. ಹೆಸರು ಕಚ್ರಾ. ಎಂದರೆ ಕಸ! ಅವನ ಕೈ ಊನ. ಊನ ಇದ್ದುದರಿಂದ ಚೆಂಡು ತಾನಾಗಿಯೇ ತಿರುಗುತ್ತದೆ. ಅವನು ಬಾಯಿ ಬಿಡುವುದಿಲ್ಲ. ಮೇಲ್ಜಾತಿಯ ನಾಯಕ ಅವನ ಪರ ಭಾಷಣ ಮಾಡುತ್ತಾನೆ, ಊರು ಮನಸ್ಸು ಬದಲಾಯಿಸುತ್ತದೆ, ಎಲ್ಲ ಸುಖಾಂತ.

ಅದೇ 1893ರಲ್ಲಿ ಪೂನಾ ಕ್ಲಬ್ಬಿನ ಬಲೆಯಲ್ಲಿ ನಿಜವಾದ ಬಾಳೂ ಬೌಲಿಂಗ್ ಮಾಡುತ್ತಿದ್ದ. ಆತನ ಕೈ ಊನವಾಗಿರಲಿಲ್ಲ. ಚೆಂಡು ತಾನಾಗಿ ತಿರುಗಲಿಲ್ಲ, ಬಾಳೂ ತಿರುಗಿಸಿದ. ದಿನಾ ದುಡಿದು, ಬೆರಳು ಸವೆಸಿ, ಎದುರಿದ್ದವನ ಕಾಲಿನ ನಡೆ ಓದಿ, ತಲೆ ಓಡಿಸಿ ಕಲಿತ ವಿದ್ಯೆ ಅದು. ಬ್ರಾಹ್ಮಣನ ವೀಣೆ ಸಾಧನೆ, ಚಮ್ಮಾರನ ಸ್ಪಿನ್ ಮಾತ್ರ ಅಂಗವೈಕಲ್ಯವೇ? ನಮ್ಮವರ ಬುದ್ಧಿಯನ್ನು ಒಪ್ಪಿಕೊಳ್ಳಲು ಆಗದಿದ್ದಾಗ ಅವರು ಅದನ್ನು ದೇವರ ಆಟ, ಮೈಯ ದೋಷ, ಅದೃಷ್ಟ ಎಂದು ಕರೆಯುತ್ತಾರೆ. ಮತ್ತೆ, ಬಾಯಿಲ್ಲದವ ಅಂತೆ! ಬಾಳೂವಿನ ತಮ್ಮಂದಿರಿಗೆ ಬಾಯಿ ಇತ್ತು. 1920ರಲ್ಲಿ ಅದನ್ನು ತೆರೆದರು.

ಈ ರೋಗ ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. 1884ರಲ್ಲಿ ಟೊಲೆಡೊ ಊರಿನ ದೊಡ್ಡ ಲೀಗಿನ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರನಿದ್ದ. ಆತನ ತಮ್ಮ ವೆಲ್ಡೆ ವಾಕರ್ ಅದೇ ತಂಡಕ್ಕೆ ಮೈದಾನದ ಹೊರಅಂಚು ಕಾಯುವ ಫೀಲ್ಡರನಾಗಿ ಬಂದ. ಐದೇ ಪಂದ್ಯ ಆಡಿದ. 1887ರಲ್ಲಿ ಇನ್ನೊಂದು ಲೀಗು ಕರಿಯರೊಂದಿಗೆ ಹೊಸ ಕರಾರು ಮಾಡಬಾರದೆಂದು ತೀರ್ಮಾನಿಸಿತು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. 1888ರಲ್ಲಿ ವೆಲ್ಡೆ ಒಂದು ಕ್ರೀಡಾ ಪತ್ರಿಕೆಯಲ್ಲಿ ಪ್ರತಿಭಟನೆಯ ಪತ್ರ ಬರೆದ. ಬಣ್ಣ ನೋಡಿ ಹೊರಗಿಡುವುದು ನಾಚಿಕೆಗೇಡು, ಯೋಗ್ಯತೆ ನೋಡಿ ಎಂದು ವಾದಿಸಿದ. ಮುಚ್ಚಿದ ಬಾಗಿಲು ತೆರೆದದ್ದು 1947ರಲ್ಲಿ, ಜಾಕಿ ರಾಬಿನ್‌ಸನ್ ಬಂದಾಗ. ವೆಲ್ಡೆ ಸತ್ತು ಆಗಲೇ ಹತ್ತು ವರ್ಷ ಆಗಿತ್ತು.

ವ್ಯತ್ಯಾಸ ಇಷ್ಟೇ. ಅಲ್ಲಿನವರು ಹೊರಗಟ್ಟಿದರು. ಇಲ್ಲಿನವರು ಒಳಗೆ ಕರೆದು, ಬೆವರು ತಗೊಂಡು, ಕುಡಿಕೆಯಲ್ಲಿ ಚಹಾ ಕೊಟ್ಟರು. ಅಲ್ಲಿ ಜಾಕಿ ರಾಬಿನ್‌ಸನ್ ಹೆಸರು ಮಕ್ಕಳಿಗೆಲ್ಲ ಗೊತ್ತು. ಇಲ್ಲಿ ಬಾಳೂ ಹೆಸರು ಧಾರವಾಡದ ಎಷ್ಟು ಮಕ್ಕಳಿಗೆ ಗೊತ್ತು?

ಈಗ ನಮ್ಮ ಬಳಗದೊಳಗಿನ ಮಾತು. ಇದನ್ನು ಮುಚ್ಚಿಟ್ಟರೆ ನಮಗೂ ಪುರೋಹಿತರಿಗೂ ವ್ಯತ್ಯಾಸ ಇರುವುದಿಲ್ಲ.

1911ರಲ್ಲಿ ಬಾಳೂ ಇಂಗ್ಲೆಂಡಿನಿಂದ ಬಂದಾಗ ಮುಂಬಯಿಯ ಅಸ್ಪೃಶ್ಯರು ಸೇರಿ ಸನ್ಮಾನ ಮಾಡಿದರು. ಆ ಮಾನಪತ್ರ ಬರೆದ ಹುಡುಗ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರರು ಹೇಳುತ್ತಾರೆ. ಯುವಕ ಭೀಮರಾಯನಿಗೆ ಬಾಳೂ ಒಬ್ಬ ವೀರ. ಆದರೆ ಕಾಲ ಇಬ್ಬರನ್ನೂ ಬೇರೆ ದಾರಿಗೆ ಹಚ್ಚಿತು. ಪ್ರತ್ಯೇಕ ಮತಕ್ಷೇತ್ರದ ವಿಚಾರದಲ್ಲಿ ಬಾಳೂ ಬಾಬಾಸಾಹೇಬರ ಜೊತೆ ನಿಲ್ಲಲಿಲ್ಲ, ಎಂ. ಸಿ. ರಾಜಾ ಅವರ ಜೊತೆ ನಿಂತ. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಇದ್ದಾನೆ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಮುಂಬಯಿಯಲ್ಲಿ ಬಾಬಾಸಾಹೇಬರ ಎದುರು ನಿಲ್ಲಿಸಿದ್ದು ಇದೇ ಬಾಳೂವನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225.

ಹೀಗಾಗಿ ನಮ್ಮ ಗೆಳೆಯರಲ್ಲಿ ಕೆಲವರು "ಅವನು ನಮ್ಮವನಲ್ಲ ಬಿಡ್ರಿ" ಅಂತಾರೆ. ಆ ಕಡೆಯವರೋ, "ನೋಡಿ, ಬಾಳೂ ಸಂಘರ್ಷ ಮಾಡಲಿಲ್ಲ, ಸಾಮರಸ್ಯದಿಂದ ಮೇಲೆ ಬಂದ" ಎಂದು ಪಟ ಕಟ್ಟಿಸಲು ಬರುತ್ತಾರೆ. ಇಬ್ಬರಿಗೂ ನಮ್ಮ ಉತ್ತರ ಇದೆ.

ಗೆಳೆಯರಿಗೆ: ರಾಜಕೀಯದಲ್ಲಿ ಬಾಳೂ ಇಟ್ಟ ಹೆಜ್ಜೆ ನಮಗೆ ಒಪ್ಪಿಗೆ ಇಲ್ಲ. ಮತದಾರರು ಅದರ ತೀರ್ಪನ್ನು 1937ರಲ್ಲೇ ಕೊಟ್ಟಿದ್ದಾರೆ. ಆದರೆ ಆತನನ್ನು ಬಾಬಾಸಾಹೇಬರ ಎದುರು ನಿಲ್ಲಿಸಿದವರು ಯಾರು ಎಂದು ಕೇಳಿ. ಅಸ್ಪೃಶ್ಯನ ಎದುರು ಅಸ್ಪೃಶ್ಯನನ್ನೇ ಬೌಲಿಂಗಿಗೆ ಇಳಿಸಿ ತಾವು ಪೆವಿಲಿಯನ್ನಿನಲ್ಲಿ ಕೂತು ಚಪ್ಪಾಳೆ ತಟ್ಟಿದ ಪಕ್ಷ ಅದು. ಆ ಆಟ ಇವತ್ತಿಗೂ ನಿಂತಿಲ್ಲ. ನಮ್ಮ ಪ್ರತಿ ಮೀಸಲು ಕ್ಷೇತ್ರದಲ್ಲೂ ಅದೇ ಆಟ. ಬಾಳೂವನ್ನು ಅವರಿಗೆ ಬಿಟ್ಟುಕೊಟ್ಟರೆ ಆತನ ಬೆವರೂ ಅವರ ಪಾಲಾಗುತ್ತದೆ.

ಸಾಮರಸ್ಯದವರಿಗೆ: ಹತ್ತು ವರ್ಷ ಕ್ಯಾಪ್ಟನ್‌ಗಿರಿ ಕೊಡದೆ ಕಾಯಿಸಿದ್ದು ಯಾವ ಸಾಮರಸ್ಯ? ಮಣ್ಣಿನ ಕುಡಿಕೆ ಯಾವ ಸಾಮರಸ್ಯ? ಬಾಳೂವಿನ ಪಟಕ್ಕೆ ಹಾರ ಹಾಕುವ ಮೊದಲು ನಿಮ್ಮ ಊರಿನ ಹೋಟೆಲಿನಲ್ಲಿ ಎರಡು ಥರದ ಲೋಟ ಇವೆಯೋ ಇಲ್ಲವೋ ಒಳಗೆ ಹೋಗಿ ನೋಡಿ ಬನ್ನಿ.

ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಜಾರಿಗೆ ಬಂದದ್ದು 1955ರ ಜೂನ್ 1ರಂದು. ಬಾಳೂ ಸತ್ತದ್ದು ಅದೇ ವರ್ಷದ ಜುಲೈ 4ರಂದು. ಬೇರೆ ಲೋಟದಲ್ಲಿ ಚಹಾ ಕೊಡುವುದು ಅಪರಾಧ ಎಂದು ಈ ದೇಶದ ಕಾಯಿದೆ ಹೇಳಿದ ಮೇಲೆ ಆತ ಬದುಕಿದ್ದು ಒಂದು ತಿಂಗಳ ಮೇಲೆ ಮೂರು ದಿನ.

ನಾವು ಕೇಳುವುದು ಹೆಚ್ಚೇನಿಲ್ಲ. ಕರ್ನಾಟಕದ ಶಾಲಾ ಪಠ್ಯದಲ್ಲಿ ಪಾಲ್ವಂಕರ್ ಬಾಳೂ ಕುರಿತು ಒಂದು ಪಾಠ ಬರಲಿ. ಕುಡಿಕೆಯ ಕತೆ ಬಿಡದೆ, ಪುಣೆ ಒಪ್ಪಂದ ಬಿಡದೆ, ಪೂರ್ತಿ ಬರಲಿ. ಆತ ಹುಟ್ಟಿದ ಧಾರವಾಡದಲ್ಲಿ ಒಂದು ಒಳ್ಳೆಯ ಮೈದಾನ ಆತನ ಹೆಸರು ಹೊರಲಿ. ಈ ರಾಜ್ಯದ ಹುಡುಗ ಹುಡುಗಿಯರ ಒಂದು ಟ್ರೋಫಿ ಬಾಳೂ ಹೆಸರಲ್ಲಿ ನಡೆಯಲಿ. ಅದರ ಪಂದ್ಯಗಳು ಬೆಂಗಳೂರಿನಲ್ಲಿ ಮಾತ್ರ ಆಗದೆ ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ, ಕೇರಿಯ ಮಕ್ಕಳ ಕಾಲಿಗೆ ಎಟಕುವ ಕಡೆ ಆಗಲಿ. ಕೇರಿಯ ಮಕ್ಕಳಿಗೆ ಚೆಂಡು, ಬ್ಯಾಟು, ಬೂಟು, ಬಸ್ಸಿನ ಖರ್ಚು ಸರ್ಕಾರ ಕೊಡಲಿ. ಬರಿಗಾಲಿನವನನ್ನು ಬೂಟು ಹಾಕಿದವನ ಜೊತೆ ಓಡಿಸಿ ಇದು ಯೋಗ್ಯತೆ ಎನ್ನುವ ನಾಟಕ ಸಾಕು.

ಇನ್ನೊಂದು ಮಾತು, ಪಾರ್ವತಿನಗರದ ನಮ್ಮ ನೆರೆಹೊರೆಗೆ. ಬೆಳಗಾಗುವ ಮೊದಲೇ ನಿಮ್ಮ ಬೀದಿ ಗುಡಿಸಲು ಪೌರಕಾರ್ಮಿಕ ಅಕ್ಕಂದಿರು ಬರುತ್ತಾರೆ. ಅವರು ಗುಡಿಸಿದ ಬೀದಿಯಲ್ಲೇ ರಜೆಯ ದಿನ ನಿಮ್ಮ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಆ ಅಕ್ಕ ಕುಡಿಯಲು ನೀರು ಕೇಳಿದರೆ ಯಾವ ಲೋಟದಲ್ಲಿ ಕೊಡುತ್ತೀರಿ? ಆಕೆಯ ಮಗ ಬಂದು ನಾನೂ ಆಡ್ತೀನಿ ಅಂದರೆ ಚೆಂಡು ಹೆಕ್ಕಿ ಕೊಡೋಕೆ ನಿಲ್ಲಿಸುತ್ತೀರೋ, ಬ್ಯಾಟು ಕೊಡುತ್ತೀರೋ?

ಆಟದಲ್ಲಿ ಜಾತಿ ಇದೆಯೋ ಇಲ್ಲವೋ ಎನ್ನುವುದಕ್ಕೆ ಅದೇ ಪರೀಕ್ಷೆ. ಉತ್ತರ ನಮಗೆ ಕಳಿಸುವುದು ಬೇಡ. ಆ ಹುಡುಗನಿಗೆ ಹೇಳಿ.